ಏಳನೇ ಕಂಪ್ಯೂಟರಿನ ಕೆಂಪು ಪರದೆ

ಅವತ್ತು ಶನಿವಾರ. ಬೆಳಗಿನ ಶಾಲೆ ಬಿಟ್ಟು ಮಕ್ಕಳೆಲ್ಲ ಮನೆಗೆ ಹೋಗಿಯಾಗಿತ್ತು. ಕಮಲಾಪುರದ ನಮ್ಮ ಪ್ರೌಢಶಾಲೆಯ ಹೆಡ್‌ಮಾಸ್ತರರ ಕೋಣೆಯಲ್ಲಿ ನಾಲ್ಕೇ ಜನ ಉಳಿದಿದ್ದೆವು. ಮೇಜಿನ ಆಚೆ ಹೆಡ್‌ಮಾಸ್ತರ್ ಶಿವಶರಣಪ್ಪನವರು, ಎರಡೂ ಕೈಯಿಂದ ತಲೆ ಹಿಡಿದುಕೊಂಡು. ಈಚೆ ಕುರ್ಚಿಯಲ್ಲಿ ಇಂಗ್ಲಿಷ್ ಕಲಿಸುವ ರೆಹಾನಾ ಮೇಡಂ, ಕಲಬುರಗಿ ಬಸ್ಸು ತಪ್ಪೀತೆಂದು ಬ್ಯಾಗನ್ನು ತೊಡೆಯ ಮೇಲೇ ಇಟ್ಟುಕೊಂಡು. ಬಾಗಿಲ ಪಕ್ಕ ಗೋಡೆಗೆ ಬೆನ್ನು ಹಚ್ಚಿ ನಿಂತವಳು ಹತ್ತನೇ ತರಗತಿಯ ಪಂಚಶೀಲಾ. ನಾಲ್ಕನೆಯವನು ನಾನು, ಕಾಶಿನಾಥ, ವಿಜ್ಞಾನದ ಮಾಸ್ತರ. ಕಂಪ್ಯೂಟರ್ ಕೋಣೆಯ ಉಸ್ತುವಾರಿಯೂ ನನ್ನ ತಲೆಗೇ ಕಟ್ಟಿತ್ತು. ಮೇಜಿನ ಮೇಲೆ ಕಲಬುರಗಿಯ ಶಿಕ್ಷಣ ಇಲಾಖೆಯ ಕಚೇರಿಯಿಂದ ಬಂದ ಒಂದು ಹಾಳೆ. ಹಾಳೆಯಲ್ಲಿ ಹುಡುಗಿಯ ಹೆಸರು. ಆ ಹೆಸರು ಅಲ್ಲಿಗೆ ಹೋದದ್ದು ನನ್ನ ಕೈಯಿಂದ.

"ಕಾಶಿನಾಥ, ಈ ಹುಡುಗಿ ಆರು ಸಲ ಹೊಲಸು ನೋಡ್ಲಾಕ ಹೋಗ್ಯಾಳಂತ ಬರದಾರಲ್ರಿ. ಒಂದಲ್ಲ ಎರಡಲ್ಲ, ಆರು!" ಎಂದರು ಹೆಡ್‌ಮಾಸ್ತರು. "ಸೋಮವಾರ ಆಕಿ ಅಪ್ಪನ್ನ ಕರೆಸಬೇಕಂತ. ಏನ್ ಕ್ರಮ ತಗೊಂಡ್ರಿ ಅಂತ ತಿಳಿಸಬೇಕಂತ. ನಾ ಏನ್ ತಿಳಿಸ್ಲಿ, ನೀವೇ ಹೇಳ್ರಿ."

ಈ ಕೋಣೆಗೆ ಮತ್ತೆ ಬರುತ್ತೇನೆ. ಆದರೆ ಆ ಹಾಳೆ ಅಲ್ಲಿಗೆ ಹೇಗೆ ಬಂತೆಂದು ಹೇಳದಿದ್ದರೆ ಹೊಸದಾಗಿ ಶಾಲೆಗೆ ಮಾಸ್ತರರಾಗಿ ಸೇರುತ್ತಿರುವ ನಿಮಗೆ ಏನೂ ತಿಳಿಯುವುದಿಲ್ಲ. ನನ್ನ ಬಡ್ತಿ, ಬದಲಿ ಎಲ್ಲ ಸೇವಾ ಪುಸ್ತಕದಲ್ಲಿವೆ. ಅದನ್ನು ಓದಬೇಕೆನ್ನುವ ಪುಣ್ಯಾತ್ಮರಿದ್ದರೆ ಅಲ್ಲೇ ಓದಿಕೊಳ್ಳಲಿ. ನಾನು ಹೇಳುವುದು ತಡೆಗಳ ಕತೆ.

ನಾನು ಕಂಡ ಮೊದಲನೆಯ ತಡೆ ಒಂದು ಕೀಲಿ. ಹತ್ತು ಕಂಪ್ಯೂಟರುಗಳು ಶಾಲೆಗೆ ಬಂದಾಗ ಶಿವಶರಣಪ್ಪನವರಿಗಿಂತ ಹಿಂದಿನ ಹೆಡ್‌ಮಾಸ್ತರರು ಇದ್ದರು. ಅವರು ದರ್ಜಿಯನ್ನು ಕರೆಸಿ ಒಂದೊಂದಕ್ಕೂ ಹೂವಿನ ಬಟ್ಟೆಯ ಗವಸು ಹೊಲಿಸಿದರು, ಕೋಣೆಗೆ ಕೀಲಿ ಜಡಿದರು, ಕೀಲಿಕೈಯನ್ನು ಬನಿಯನ್ನಿನ ಜೇಬಿಗೆ ಇಳಿಸಿದರು. ನವರಾತ್ರಿಯಲ್ಲಿ ಪೂಜೆಗೆಂದು ತೆರೆಯುತ್ತಿದ್ದರು. ಕುಂಕುಮ ಹಚ್ಚಿ, ಕಾಯಿ ಒಡೆದು, ಮತ್ತೆ ಮುಚ್ಚುತ್ತಿದ್ದರು. ಮಕ್ಕಳು ಕಿಟಕಿಗೆ ಮುಖ ಒತ್ತಿ ನಿಂತರೆ, "ಏನ್ ನೋಡ್ತೀರಲೇ, ಒಳಗ ಮದುವಿ ನಡದದೇನು?" ಎಂದು ಗದರುತ್ತಿದ್ದರು. ಮಾವಿನ ತೋಟಕ್ಕೆ ಕಾವಲು ಕುಳಿತವರಂತೆ ಕಾದರು, ನಿವೃತ್ತರಾದರು. ಅಷ್ಟರಲ್ಲಿ ಎರಡು ಕಂಪ್ಯೂಟರು ಗವಸಿನೊಳಗೇ ಸತ್ತಿದ್ದವು.

ಶಿವಶರಣಪ್ಪನವರು ಬಂದ ಮೇಲೆ ಕೀಲಿಕೈ ನನ್ನ ಕೈಗೆ ಬಂತು. ನಾನು ಶಿಸ್ತಿನ ಮನುಷ್ಯ. ಒಂದು ದೊಡ್ಡ ರಿಜಿಸ್ಟರು ಹಾಕಿದೆ. ಯಾವ ಮಗು, ಯಾವ ನಂಬರಿನ ಕಂಪ್ಯೂಟರು, ಎಷ್ಟು ಗಂಟೆಗೆ ಕೂತಿತು, ಎಷ್ಟಕ್ಕೆ ಎದ್ದಿತು, ಎಲ್ಲ ನೀಲಿ ಶಾಯಿಯಲ್ಲಿ. ತಪಾಸಣೆಗೆ ಬಂದ ಸಾಹೇಬರು ಆ ರಿಜಿಸ್ಟರು ನೋಡಿ ತಲೆದೂಗಿದ್ದರು. ನನಗೆ ಅದು ದೊಡ್ಡ ಹೆಮ್ಮೆ. ಮುಂದೆ ಅದೇ ನನ್ನ ಕುತ್ತಿಗೆಗೆ ಬಂತು.

ಆಮೇಲೆ ಬಂದದ್ದು ಕಣ್ಣಿಗೆ ಕಾಣದ ತಡೆ. ಕಲಬುರಗಿಯಲ್ಲಿ ಶರಣಬಸವೇಶ್ವರ ಗುಡಿಯ ಹತ್ತಿರದ ಒಂದು ಸಭಾಂಗಣದಲ್ಲಿ ನಮಗೆಲ್ಲ ಒಂದು ದಿನದ ತರಬೇತಿ. ಇಸ್ತ್ರಿ ಅಂಗಿಯ ಒಬ್ಬ ಹುಡುಗ ಗೋಡೆಯ ಮೇಲೆ ಚಿತ್ರ ಬಿಟ್ಟು, ಇನ್ನು ಮುಂದೆ ಶಾಲೆಯ ಇಂಟರ್‌ನೆಟ್ಟಿನಲ್ಲಿ ಕೆಟ್ಟದ್ದೇನೂ ಬರುವುದಿಲ್ಲ, ಮಕ್ಕಳು ಸುರಕ್ಷಿತ ಎಂದು ವಿವರಿಸಿದ. ನಾನು ಎದ್ದು ನಿಂತೆ.

"ತಮ್ಮಾ, ತಪ್ಪಿ ಛಲೋದನ್ನೂ ತಡದ್ರ?"

"ಸರ್, ಅದು ಆಟೋಮ್ಯಾಟಿಕ್ ಅದರಿ."

"ಅಂದ್ರ ಯಾರಿಗಿ ಕೇಳಬೇಕು?"

"ಯಾರಿಗೂ ಕೇಳೋದು ಬ್ಯಾಡ್ರಿ ಸರ್. ಅದಕ್ಕೇ ಆಟೋಮ್ಯಾಟಿಕ್."

ಸಭೆಯೆಲ್ಲ ನಕ್ಕಿತು, ನಾನೂ ನಕ್ಕೆ. ಆ ನಗುವಿಗೆ ಎಷ್ಟು ವರ್ಷ ಬಡ್ಡಿ ಕಟ್ಟಿದೆನೋ ನನಗೇ ಗೊತ್ತು.

ಮೊದಲ ವಾರವೇ ಕೆಂಪು ಬಾಳೆ ಸಿಕ್ಕಿಬಿತ್ತು. ನಮ್ಮ ಕಮಲಾಪುರದ ಕೆಂಪು ಬಾಳೆ ಯಾರಿಗೆ ಗೊತ್ತಿಲ್ಲ? ವಿಜ್ಞಾನ ಮೇಳಕ್ಕೆ ಅದರ ಮೇಲೇ ಒಂದು ಫಲಕ ಮಾಡೋಣವೆಂದು ಒಂಬತ್ತನೇ ತರಗತಿಯವರು ಹುಡುಕಲು ಕೂತರೆ ಪರದೆಯ ತುಂಬ ಕೆಂಪು ಬಣ್ಣ, ನಡುವೆ ಒಂದು ಕೈಯ ಚಿತ್ರ: 'ಈ ಪುಟವನ್ನು ತಡೆಹಿಡಿಯಲಾಗಿದೆ. ವರ್ಗ: ಖರೀದಿ.' ಹಣ್ಣಿನ ಹೆಸರು ಇದ್ದಲ್ಲಿ ಮಾರಾಟ ಇದ್ದೀತೆಂದು ಆ ಯಂತ್ರದ ಅನುಮಾನ. ಹೃದಯ ಹೇಗೆ ಬಡಿಯುತ್ತದೆಂದು ತೋರಿಸೋಣವೆಂದರೆ 'ವರ್ಗ: ರಕ್ತ ಮತ್ತು ಹಿಂಸೆ.' ಅದೇ ಮಧ್ಯಾಹ್ನ, ಪದ್ಯಗಳ ಒಂದು ಪುಟದ ಮೂಲೆಯಲ್ಲಿ ಇಸ್ಪೀಟು ಆಟದ ಜಾಹೀರಾತು ಕುಣಿಯುತ್ತಿತ್ತು. ಅದಕ್ಕೆ ಯಾವ ತಡೆಯೂ ಇರಲಿಲ್ಲ.

ತಡೆ ತೆಗೆಯಲು ಮನವಿ ಕೊಡಬಹುದಿತ್ತು. ಮೂರು ಪ್ರತಿ. ಜೊತೆಗೆ ತಡೆಹಿಡಿದ ಪುಟದ ಮುದ್ರಿತ ನಕಲು ಲಗತ್ತಿಸಬೇಕು. ನಾನು ಕಚೇರಿಗೆ ಫೋನು ಹಚ್ಚಿದೆ.

"ಪುಟ ತೆರಿಯಂಗಿಲ್ಲ ಅಂತನೇ ಮನವಿ ಬರಿಲಾಕತ್ತೀನ್ರಿ. ತೆರಿಯದ ಪುಟ ಹ್ಯಾಂಗ ಪ್ರಿಂಟ್ ತೆಗಿಲಿ?"

"ಪುಟದಾಗ ಏನದ ಅಂತ ನೋಡದ ನಾವು ಹ್ಯಾಂಗ ತೆರಿಬೇಕ್ರಿ ಸರ್?"

"ನಿಮ್ಮ ಕಂಪ್ಯೂಟರ್‌ದಾಗ ನೋಡ್ರಲಾ."

ಆ ಕಡೆ ಕೀಲಿಮಣೆ ಒತ್ತುವ ಸದ್ದು ಕೇಳಿತು. ಆಮೇಲೆ ಸಣ್ಣ ದನಿಯಲ್ಲಿ, "ನಮ್ಮಲ್ಲೂ ತೆರಿಯಂಗಿಲ್ರಿ."

ಹೀಗೆ ನನ್ನ ಶನಿವಾರದ ಪ್ರಯಾಣ ಶುರುವಾಯಿತು. ಮಕ್ಕಳು ವಾರವಿಡೀ ಕೆಂಪು ಪರದೆ ಕಂಡದ್ದನ್ನೆಲ್ಲ ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ನಾನು ಚೀಟಿಗಳನ್ನು ಜೇಬಿಗಿಟ್ಟು ಬಸ್ಸು ಹತ್ತಿ, ಜಗತ್ ವೃತ್ತದ ಹತ್ತಿರ, ತಡೆಯಿಲ್ಲದ ಇಂಟರ್‌ನೆಟ್ಟಿದ್ದ ಖಾಜಾ ಮಿಯಾನ ಝೆರಾಕ್ಸ್ ಅಂಗಡಿಗೆ ಇಳಿಯುತ್ತಿದ್ದೆ. ಮೊದಲ ಸಲ ಅವನು ಚೀಟಿ ಓದಿ ಕನ್ನಡಕ ಹಣೆಗೇರಿಸಿದ. "ಕ್ಯಾ ಮಾಸ್ತರ್ ಸಾಬ್! ಕಮಲಾಪುರದವ್ರು ಬಾಳಿಹಣ್ಣು ನೋಡ್ಲಾಕ ಕಲಬುರಗಿಗಿ ಬಂದೀರೇನ್ರಿ?"

"ನಗಬ್ಯಾಡೋ ಖಾಜಾ. ಮೂರು ಪ್ರತಿ ತೆಗಿ."

ಎರಡು ಪ್ರತಿ ಕಚೇರಿಗೆ ಹೋಗುತ್ತಿದ್ದವು, ಮೂರನೆಯದು ಶಾಲೆಯ ಫೈಲಿಗೆ. ಕಚೇರಿಯಿಂದ ಉತ್ತರ ಬರುತ್ತಿರಲಿಲ್ಲ. ಫೈಲು ಮಾತ್ರ ದಪ್ಪವಾಗುತ್ತ ಹೋಯಿತು. ಮಕ್ಕಳು ಅದಕ್ಕೆ 'ಕೆಂಪು ಫೈಲು' ಎಂದು ಹೆಸರಿಟ್ಟರು. ಬಿಡುವಿನಲ್ಲಿ ಅದನ್ನೇ ಎಳೆದಾಡಿ ಓದತೊಡಗಿದರು. ಕಂಪ್ಯೂಟರು ಬೇಡವೆಂದದ್ದೆಲ್ಲ ಕಾಗದದಲ್ಲಿ ಇತ್ತಲ್ಲ.

ಇನ್ನೊಂದು ದಿನ ಹಿಂದಿನ ಸಾಲಿನ ಕಂಪ್ಯೂಟರಿನಲ್ಲಿ ಸಿನಿಮಾ ಹಾಡು ಓಡುತ್ತಿತ್ತು. ಹೇಗೆಂದು ನೋಡಿದರೆ ಒಬ್ಬ ಗುತ್ತೇದಾರರ ಮಗ ಜೇಬಿನಲ್ಲಿ ಫೋನಿಟ್ಟುಕೊಂಡು ಅದರ ಇಂಟರ್‌ನೆಟ್ಟನ್ನೇ ಕಂಪ್ಯೂಟರಿಗೆ ಹಚ್ಚಿದ್ದ. ಬೈದೆ, ಫೋನು ಇಸಿದುಕೊಂಡೆ. ಆದರೆ ಅವತ್ತು ಒಂದು ವಿಷಯ ಸ್ಪಷ್ಟವಾಯಿತು. ಮನೆಯಲ್ಲಿ ಫೋನಿರುವ ಹುಡುಗನಿಗೆ ಈ ತಡೆ ಇಲ್ಲವೇ ಇಲ್ಲ. ಅವನು ಬೇಕಾದ್ದನ್ನು, ಬೇಡವಾದ್ದನ್ನು, ಹಾಸಿಗೆಯಲ್ಲಿ ಮಲಗಿ ನೋಡಬಲ್ಲ. ತಡೆ ಇರುವುದು ಶಾಲೆಯ ಕಂಪ್ಯೂಟರನ್ನೇ ನಂಬಿದ ಮಗುವಿಗೆ ಮಾತ್ರ. ಕಾಯುತ್ತಿದ್ದೇವೆಂದು ನಾವು ತಿಳಿದಿದ್ದ ಮಕ್ಕಳನ್ನು ನಿಜವಾಗಿ ಕಾಯುತ್ತಿರಲಿಲ್ಲ. ಏನೂ ಇಲ್ಲದವರ ಬಾಗಿಲನ್ನಷ್ಟೇ ಮುಚ್ಚುತ್ತಿದ್ದೆವು.

ಇಷ್ಟು ತಿಳಿದೂ ನಾನು ಆ ತಪ್ಪು ಮಾಡಿದೆ.

ನೌಕರಿಯ ಮೊದಲ ವರ್ಷ ನನಗೆ ಕಾಗದ ಬರೆಯುವುದನ್ನು ಕಲಿಸಿದವರು ಅಣ್ಣಾರಾವ್ ಎಂಬ ಹಳೆಯ ಗುಮಾಸ್ತರು. ನಿಜಾಮನ ಕಾಲದ ಕಚೇರಿ ಕಂಡವರ ಕೈಕೆಳಗೆ ತಯಾರಾದ ಮನುಷ್ಯ. ನಾನು ಯಾವುದೋ ನಮೂನೆಯಲ್ಲಿ ಒಂದು ಕಾಲಂ ಬಿಟ್ಟಿದ್ದಕ್ಕೆ ಹಾಳೆಯನ್ನು ನನ್ನ ಮುಖದ ಮುಂದೆ ಹಿಡಿದು ಅಲ್ಲಾಡಿಸಿದ್ದರು. "ಏ ಕಾಶ್ಯಾ, ಇದೇನು ಹಲ್ಲು ಬಿದ್ದ ಬಾಯಿ ಹಂಗ ಬಿಟ್ಟಿ? ಖಾಲಿ ಕಾಲಂ ನೋಡಿದ್ರ ಸಾಹೇಬರಿಗಿ ಪ್ರಶ್ನಾ ಹುಟ್ಟತಾವ. ಅವರಿಗಿ ಪ್ರಶ್ನಾ ಹುಟ್ಟಿದ್ರ ನಿನಗ ನಿದ್ದಿ ಹೋಗತದ. ತುಂಬು!" ಅಂದಿನಿಂದ ನಾನು ಕಾಲಂ ಖಾಲಿ ಬಿಟ್ಟವನಲ್ಲ. ನಮ್ಮ ಕಡೆಯ ಮಾಸ್ತರರಲ್ಲಿ ಅರ್ಧ ಜನ ಹೀಗೇ ತಯಾರಾದವರು.

ತಡೆ ಯಂತ್ರ ಬಂದ ಮೇಲೆ ತಿಂಗಳಿಗೊಮ್ಮೆ ಕಚೇರಿಯಿಂದ ಪಟ್ಟಿ ಬರುತ್ತಿತ್ತು. ಯಾವ ಕಂಪ್ಯೂಟರಿನಲ್ಲಿ, ಯಾವ ಹೊತ್ತಿಗೆ, ಯಾವ ವರ್ಗದ ಪುಟ ತೆರೆಯುವ ಪ್ರಯತ್ನ ನಡೆಯಿತು ಎಂದು. ನಾವು ನೋಡಿ, ಸಹಿ ಮಾಡಿ ತಿರುಗಿ ಕಳಿಸಬೇಕು. ಆ ತಿಂಗಳ ಪಟ್ಟಿಯಲ್ಲಿ ಒಂದು ಸಾಲಿತ್ತು: ಏಳನೇ ನಂಬರು, ಗುರುವಾರ ಮಧ್ಯಾಹ್ನ, 'ಅಶ್ಲೀಲ', ಆರು ಸಲ. ಕೊನೆಯ ಕಾಲಂ 'ವಿದ್ಯಾರ್ಥಿಯ ಹೆಸರು'; ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ 'ತಿಳಿದಿದ್ದಲ್ಲಿ'. ತಿಳಿಯದೆ ಏನು? ನನ್ನ ರಿಜಿಸ್ಟರು ಇತ್ತಲ್ಲ! ತೆರೆದೆ, ಬೆರಳಾಡಿಸಿದೆ, ದುಂಡಗಿನ ಅಕ್ಷರದಲ್ಲಿ ಪಂಚಶೀಲಾ ಎಂದು ಬರೆದೆ. ಯಾರೂ ಕೇಳದಿದ್ದರೂ ತಂದೆಯ ಹೆಸರನ್ನೂ ಸೇರಿಸಿದೆ. ಏನು ಹುಡುಕಿದ್ದಳೆಂದು ಪಟ್ಟಿಯಲ್ಲಿ ಇರಲಿಲ್ಲ. ಹುಡುಗಿ ಎರಡು ಗೋಡೆಯಾಚೆ ತರಗತಿಯಲ್ಲೇ ಕೂತಿದ್ದಳು. ಎದ್ದು ಹೋಗಿ, ಏನವ್ವ ನೋಡಿದ್ದಿ ಎಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಕಾಲಂ ತುಂಬಿತ್ತು, ನನ್ನ ಕೆಲಸ ಮುಗಿದಿತ್ತು.

ಈಗ ಮತ್ತೆ ಆ ಶನಿವಾರದ ಕೋಣೆ.

ಹೆಡ್‌ಮಾಸ್ತರರು ಎರಡು ಸಲ ಗದರಿ, ಮೂರನೆಯ ಸಲ ಬೇಡಿಕೊಂಡರೂ ಹುಡುಗಿ ಮಾತಾಡಲಿಲ್ಲ. ರೆಹಾನಾ ಮೇಡಂ ಬ್ಯಾಗನ್ನು ನೆಲಕ್ಕಿಟ್ಟರು. "ಇಲ್ಲಿ ಬಾ ಬೇಟಾ. ನನ್ನ ಬಾಜೂಕ ಕೂಡು. ಏನಂತ ಬರದು ಹುಡುಕಿದ್ದಿ? ಇವರಿಬ್ಬರಿಗಿ ಹೇಳಬ್ಯಾಡ, ನನಗ ಹೇಳು."

ಹುಡುಗಿ ಕೂರಲಿಲ್ಲ. ನನ್ನ ಕಡೆ ನೋಡಿದಳು. "ಮೊದಲ ಸರ್‌ಗೇ ಕೇಳಿದ್ದೆನ್ರಿ ಮೇಡಂ."

ನನಗೆ ನೆನಪಾಯಿತು. ಸಂತಾನೋತ್ಪತ್ತಿಯ ಪಾಠ. ಮಾಸ್ತರಿಕೆಯ ಇಷ್ಟು ವರ್ಷದಲ್ಲಿ ಆ ಪಾಠವನ್ನು ನಾನು ಒಂದೇ ರೀತಿ ಮಾಡಿದ್ದೆ: ಹೂವಿನ ಪರಾಗ ವಿವರವಾಗಿ, ಮನುಷ್ಯರದ್ದು ಬಂದಾಗ "ಇದು ಮನ್ಯಾಗ ಓದ್ಕೊಳ್ರಿ." ಆ ವರ್ಷ ಪಂಚಶೀಲಾ ಎದ್ದು ನಿಂತು, "ಸರ್, ಗರ್ಭಚೀಲ ತೆಗೆದ್ರ ಹೆಣ್ಣುಮಗಳಿಗಿ ಏನಾಗತದ್ರಿ?" ಎಂದಿದ್ದಳು. ಹುಡುಗರ ಸಾಲು ಕಿಸಕ್ಕೆಂದಿತ್ತು. "ಪರೀಕ್ಷಾದಾಗ ಬರಂಗಿಲ್ಲ, ಕೂಡು" ಎಂದು ನಾನು ಪುಟ ಹೊರಳಿಸಿದ್ದೆ. ಅದು ಗುರುವಾರ ಬೆಳಿಗ್ಗೆ. ಆರು ಸಲದ ಹುಡುಕಾಟ ಗುರುವಾರ ಮಧ್ಯಾಹ್ನ.

"ನಮ್ಮವ್ವನ ಗರ್ಭಚೀಲ ತೆಗಿತಾರಂತ್ರಿ ಮೇಡಂ," ಎಂದಳು ಹುಡುಗಿ. ಈಗ ಮಾತು ಒಂದೇ ಉಸಿರಿಗೆ ಬಂತು. "ನಡ ನೋಯ್ತದ, ಬಿಳಿ ಹೋಗ್ತದ ಅಂತ ಖಾಸಗಿ ದವಾಖಾನಿಗಿ ತೋರಸಿದ್ರ, ಚೀಲ ತೆಗಿಲಿಲ್ಲಂದ್ರ ಕ್ಯಾನ್ಸರ್ ಆಗತದ ಅಂದಾರ. ಈ ಮಂಗಳವಾರ ಬರಲೇಬೇಕು ಅಂದಾರ. ನಮ್ಮ ಓಣ್ಯಾಗ ಕಲಾವತಿ ಕಾಕುಂದು ತೆಗೆದ ಮ್ಯಾಲ ಆಕಿಗಿ ಹೊಲಕ್ಕ ಹೋಗ್ಲಾಕೇ ಆಗಿಲ್ರಿ. ನಮ್ಮವ್ವಗ ಮೂವತ್ನಾಕು ವರ್ಷ ಅಷ್ಟ. ಖರೇ ತೆಗಿಬೇಕೇನು ಅಂತ ನೋಡ್ಬೇಕಾಗಿತ್ರಿ. ಒಂದ್ಸಲ ಕೆಂಪಾಯ್ತು. ಬ್ಯಾರೆ ಥರ ಬರದೆ. ಮತ್ತ ಕೆಂಪಾಯ್ತು."

ಶಿವಶರಣಪ್ಪನವರ ಕೈಗಳು ತಲೆಯಿಂದ ಕೆಳಗಿಳಿದವು.

ರೆಹಾನಾ ಮೇಡಂ ತಮ್ಮ ಫೋನು ತೆಗೆದರು, ಹುಡುಗಿ ಹೇಳಿದ ಅದೇ ಶಬ್ದಗಳನ್ನು ಹಾಕಿದರು. ಅದೇ ಕಟ್ಟಡ, ಆದರೆ ಮೇಡಂ ಅವರ ಸ್ವಂತ ಇಂಟರ್‌ನೆಟ್ಟು. ಕಣ್ಣು ಮುಚ್ಚಿ ತೆರೆಯುವುದರಲ್ಲಿ ಪುಟಗಳು ಸಾಲಾಗಿ ಬಂದವು, ಕನ್ನಡದಲ್ಲಿಯೇ. ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದರು. "ನೋಡ್ರಿ ಸರ್, ಅಶ್ಲೀಲ. ಛಲೋ ಮಾಡಿ ನೋಡ್ಕೊಳ್ರಿ. ಕಾಗದದಾಗ ಹುಡುಗಿ ಹೆಸರು ಬರಿಲಾಕ ನಿಮಗ ಟೈಮ್ ಸಿಕ್ತು, ಉತ್ತರ ಕೊಡ್ಲಾಕ ಸಿಗಲಿಲ್ಲ."

ಹೆಡ್‌ಮಾಸ್ತರರು ಮೆಲ್ಲಗೆ, "ಆದ್ರ ಸೋಮವಾರ ಅಪ್ಪನ್ನ ಕರೆಸಬೇಕಲ್ರಿ. ಆದೇಶ ಅದ" ಎಂದರು.

"ಕರೆಸ್ರಿ," ಎಂದರು ಮೇಡಂ. "ಮಗಳ ಸಲುವಾಗಿ ಅಲ್ಲ. ಅವ್ವನ ಸಲುವಾಗಿ."

ಮೇಡಂ ಹೋಗುವ ಕಲಬುರಗಿ ಬಸ್ಸಿಗೇ ನಾನೂ ಹೊರಟೆ. ಒಳ್ಳೆಯ ಪುಟ ಯಾವುದು, ಬರೀ ಬಾಯಿಬಡಾಯಿ ಯಾವುದು ಎಂದು ದಾರಿಯುದ್ದಕ್ಕೂ ಇಬ್ಬರೂ ಆರಿಸಿದೆವು. ಯಾರು ಬರೆದಿದ್ದಾರೆ, ಏನಾದರೂ ಮಾರುತ್ತಿದ್ದಾರೋ, ಇನ್ನೊಂದು ಕಡೆಯೂ ಅದೇ ಹೇಳುತ್ತಾರೋ ಎಂದು ಮೇಡಂ ಒಂದೊಂದನ್ನೂ ಜರಡಿ ಹಿಡಿದರು. ಇದನ್ನಲ್ಲವೇ ನಾನು ಮಕ್ಕಳಿಗೆ ಕಲಿಸಬೇಕಾಗಿದ್ದದ್ದು ಎಂದು ಮನಸ್ಸು ಚುಚ್ಚಿತು. ಖಾಜಾನ ಅಂಗಡಿಯಲ್ಲಿ ಎಂದಿನಂತೆ ಮೂರು ಪ್ರತಿ ತೆಗೆಸಿದೆ. ಅವನು ಎಂದಿನಂತೆ ಚೇಷ್ಟೆಗೆಂದು ಮೊದಲ ಹಾಳೆ ಓದಲು ಹೋದವನು ಕೊನೆಯ ಸಾಲಿನವರೆಗೂ ಓದಿದ. ಯಂತ್ರ ನಿಲ್ಲಿಸದೆ ಇನ್ನೊಂದು ಪ್ರತಿ ತೆಗೆದು ತನ್ನ ಗಲ್ಲಾ ಪೆಟ್ಟಿಗೆಯ ಕೆಳಗೆ ಇಟ್ಟುಕೊಂಡ. "ನಮ್ಮ ಭಾಬಿದು ಹೋದ ವರ್ಷ ತೆಗೆಸಿದ್ರು ಸಾಬ್. ನಮಗೂ ಹಿಂಗೇ ಅಂದಿದ್ರು. ಹಿಂಗ ಕೇಳಬಹುದು ಅಂತನೇ ಗೊತ್ತಿರಲಿಲ್ಲ."

ಸೋಮವಾರ ಹುಡುಗಿಯ ತಂದೆ ಭೀಮಶಾ ಬಂದ. ಕಲಬುರಗಿ ಬದಿಯ ಶರಣಸಿರಸಗಿಯ ಹೊಸ ಬಡಾವಣೆಗಳಲ್ಲಿ ಗೌಂಡಿ ಕೆಲಸ ಅವನದು. ವಾರಕ್ಕೊಮ್ಮೆ ಊರಿಗೆ ಬರುವವನು ಮಗಳ ಸುದ್ದಿ ಕೇಳಿ ಕೆಲಸ ಬಿಟ್ಟು ಓಡಿಬಂದಿದ್ದ. ಕಾಲಿನ ಮೇಲೆ ಸಿಮೆಂಟು ಹಾಗೇ ಇತ್ತು. ಕೂರಿ ಎಂದರೆ ಕೂರಲಿಲ್ಲ.

"ಸರ್, ನನ್ನ ಮಗಳು ಏನ್ ಮಾಡ್ಯಾಳ ನೆಟ್ಟಗ ಹೇಳಿಬಿಡ್ರಿ. ಇವತ್ತೇ ಸಾಲಿ ಬಿಡಸ್ತೀನಿ."

"ಆಕಿ ಏನೂ ಮಾಡಿಲ್ಲ ಭೀಮಶಾ," ಎಂದೆ. "ಮಾಡಿದಾಂವ ನಾನು. ಆಕಿ ನನಗೊಂದು ಪ್ರಶ್ನಾ ಕೇಳಿದ್ಳು. ನಾ ಬಾಯಿ ಮುಚ್ಚಿಸಿದೆ. ಕಂಪ್ಯೂಟರ್‌ಗಿ ಕೇಳಿದ್ಳು. ಅದೂ ಮುಚ್ಚಿಸ್ತು."

ಆಮೇಲೆ ಶಿವಶರಣಪ್ಪನವರು ಖಾಜಾನ ಹಾಳೆ ಕೈಗೆತ್ತಿಕೊಂಡು ಎದ್ದು ನಿಂತರು. ಇಲಾಖೆಯ ಸುತ್ತೋಲೆ ಬಿಟ್ಟು ಬೇರೇನನ್ನೂ ಗಟ್ಟಿಯಾಗಿ ಓದದ ಮನುಷ್ಯ. ಗರ್ಭಚೀಲ ಎಂಬ ಶಬ್ದ ಬಂದಲ್ಲೆಲ್ಲ ಕೆಮ್ಮಿದರು, ಆದರೆ ಬಿಡದೆ ಓದಿದರು. ಬಿಳಿ ಹೋಗುವುದು, ನಡ ನೋಯುವುದು ಬಹಳ ಸಲ ಔಷಧಿಗೇ ಗುಣವಾಗುತ್ತದೆ. ಕೆಲವರಿಗೆ ತೆಗೆಯಲೇಬೇಕಾಗುತ್ತದೆ, ಆದರೆ ಪರೀಕ್ಷೆ ಮಾಡದೆ ಕ್ಯಾನ್ಸರ್ ಎನ್ನಲು ಬರುವುದಿಲ್ಲ. ಎರಡನೆಯ ಡಾಕ್ಟರರನ್ನು ಕೇಳುವುದು ನಿಮ್ಮ ಹಕ್ಕು. ಇಷ್ಟೇ ಅದರಲ್ಲಿದ್ದದ್ದು.

ಭೀಮಶಾ ಕುರ್ಚಿಯ ಅಂಚಿಗೆ ಕೂತ. "ಡಾಕ್ಟರ್ ಕ್ಯಾನ್ಸರ್ ಅಂದ್ರಿ ಸರ್. ಕ್ಯಾನ್ಸರ್ ಅಂದ ಮ್ಯಾಲ ನಾ ಏನ್ ಕೇಳ್ಲಿ?"

ಸರ್ಕಾರಿ ದವಾಖಾನೆಯಲ್ಲಿ ಎರಡನೆಯ ಡಾಕ್ಟರರನ್ನು ಕೇಳುವುದೆಂದು ಒಪ್ಪಿಕೊಂಡೆವು. ಮಂಗಳವಾರ ಬೆಳಿಗ್ಗೆ ಕಮಲಾಪುರದ ಬಸ್ ನಿಲ್ದಾಣದಲ್ಲಿ ಮತ್ತೊಂದು ಪೆಟ್ಟು ತಿಂದೆ. ರೆಹಾನಾ ಮೇಡಂ ಆಗಲೇ ಕಲಬುರಗಿಯ ಸರ್ಕಾರಿ ದವಾಖಾನೆಯಲ್ಲಿ ಚೀಟಿ ಮಾಡಿಸಲು ನಿಂತಿದ್ದರು. ನಾನು, ಹೆಡ್‌ಮಾಸ್ತರರು, ಭೀಮಶಾ ಮೂವರೂ ಸೇರಿ, ಯಾವ ಬಸ್ಸು, ಡಾಕ್ಟರರಿಗೆ ಏನು ಹೇಳಬೇಕು ಎಂದು ಗಂಭೀರವಾಗಿ ಚರ್ಚಿಸುತ್ತಿದ್ದೆವು. ಪಂಚಶೀಲಾಳ ತಾಯಿ ಶಾಂತಾಬಾಯಿ ಕಲ್ಲು ಬೆಂಚಿನ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದವಳು ಸೆರಗು ಸರಿಮಾಡಿಕೊಂಡು ಎದ್ದಳು.

"ಆವಾಗಿಂದ ನೋಡ್ಲಾಕತ್ತೀನಿ. ಆ ಡಾಕ್ಟರ್ ಮಾತಾಡ್ದ, ಇವ್ರು ಮಾತಾಡಿದ್ರು, ಈಗ ನೀವಿಬ್ರು ಸರ್‌ಗೋಳು. ನನ್ನ ಹೊಟ್ಟಿ ಬಗ್ಗಿ ಊರೆಲ್ಲಾ ಮಾತಾಡ್ತದ. ನಿನಗೇನು ಅನಸ್ತದ ಅಂತ ನನಗ ಒಬ್ರರ ಕೇಳಿರೇನ್ರಿ?"

ಭೀಮಶಾ ನಮ್ಮಿಬ್ಬರನ್ನು ಬಿಟ್ಟು ಬೆಂಚಿನ ಹತ್ತಿರ ಹೋದ.

"ನಿನಗೇನು ಅನಸ್ತದ?" ಎಂದ ಭೀಮಶಾ.

"ಅಂಜಿಕಿ ಬರ್ತದ," ಎಂದಳು ಅವಳು. "ತೆಗಸ್ಲಾಕೂ ಅಂಜಿಕಿ, ಬಿಡ್ಲಾಕೂ ಅಂಜಿಕಿ. ಮಗಳು ಕೇಳ್ಕೊಂಡು ಬರ್ತೀನಿ ತಡಿಯವ್ವಾ ಅಂದ್ಳು. ಅದಕ್ಕೇ ತಡದೀನಿ."

ಬಸ್ಸು ಬಂತು. ದವಾಖಾನೆಯ ಲೇಡಿ ಡಾಕ್ಟರು ಎರಡು ದಿನ ತಿರುಗಿಸಿದರು. ರಕ್ತ, ಸ್ಕ್ಯಾನು, ಮತ್ತೊಂದು ಪರೀಕ್ಷೆ. ಕೊನೆಗೆ, ಸೋಂಕು ಇದೆ, ಮೈಯಲ್ಲಿ ರಕ್ತ ಕಡಿಮೆ ಇದೆ, ಗುಳಿಗೆ ಬರೆದುಕೊಡುತ್ತೇನೆ ಎಂದರಂತೆ. "ಮತ್ತ ಚೀಲ?" ಎಂದು ಶಾಂತಾಬಾಯಿ ಕೇಳಿದ್ದಕ್ಕೆ, "ಅದು ನಿನಗೇನು ಮಾಡ್ಯಾದವ್ವಾ? ಸುಮ್ನ ಅದರ ಜಾಗಾದಾಗ ಅದು ಇರ್ಲಿ" ಎಂದರಂತೆ. ಮೇಡಂ ಅದನ್ನು ಸ್ಟಾಫ್ ರೂಮಿನಲ್ಲಿ ಹೇಳಿದಾಗ ಶಿವಶರಣಪ್ಪನವರು ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ನಿಂತು ಬಂದರು.

ಆದರೆ ಕಚೇರಿಯ ಹಾಳೆ ಮೇಜಿನ ಮೇಲೆ ಹಾಗೇ ಕೂತಿತ್ತಲ್ಲ, 'ತೆಗೆದುಕೊಂಡ ಕ್ರಮ' ಎಂದು ಬಾಯಿ ತೆರೆದು. ವಿದ್ಯಾರ್ಥಿಯ ಹೆಸರಿನ ಕಾಲಂ ಅದರಲ್ಲೂ ಇತ್ತು. "ಅದನ್ನ ಖಾಲಿ ಬಿಡ್ರಿ ಸರ್" ಎಂದೆ. ನನ್ನ ಬಾಯಿಂದ ಆ ಮಾತು ಹೊರಟಿತೆಂದು ನನಗೇ ನಂಬಿಕೆಯಾಗಲಿಲ್ಲ. ಅಣ್ಣಾರಾವ್ ಬದುಕಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದರು. ಹೆಡ್‌ಮಾಸ್ತರರು ಪೆನ್ನಿನ ಮುಚ್ಚಳ ತೆಗೆದರು. ಹೆಸರಿನ ಕಾಲಂ ಬಿಟ್ಟು, ಕೆಳಗೆ ಬರೆದರು: 'ಮಗು ಕೇಳಿದ್ದು ಪಾಠಕ್ಕೆ ಸಂಬಂಧಿಸಿದ ಪ್ರಶ್ನೆ. ಶಿಕ್ಷಕರು ಉತ್ತರ ಹೇಳಿರಲಿಲ್ಲ. ಈಗ ಹೇಳಿದ್ದಾರೆ.' ಸಹಿ ಹಾಕಿ ಹಾಳೆಯನ್ನು ನನ್ನ ಕಡೆ ತಳ್ಳಿದರು. "ನೀವೂ ಹಾಕ್ರಿ. ಶಿಕ್ಷಕರು ಅಂದ್ರ ನೀವೇ."

ಹಾಕಿದೆ. 'ಮಾಹಿತಿ ಅಪೂರ್ಣ' ಎಂದು ಅದು ತಿರುಗಿ ಬಂತು. ಹಾಗೇ ಮತ್ತೆ ಕಳಿಸಿದೆವು. ಮತ್ತೆ ಬಂತು. ಮೂರನೆಯ ಸಲ ಹೋದದ್ದು ಬರಲಿಲ್ಲ. ಯಾವುದೋ ಕಪಾಟಿನಲ್ಲಿ ಮಲಗಿರಬೇಕು. ಖಾಜಾನ ಪುಟಗಳನ್ನು ಲಗತ್ತಿಸಿ ತಡೆ ತೆಗೆಯಲು ಕೊಟ್ಟ ಮನವಿಗೆ ನಾನು ನಿವೃತ್ತನಾಗುವ ದಿನದವರೆಗೂ ಉತ್ತರವಿಲ್ಲ. ಬಾಳೆಹಣ್ಣಿಗೂ ಇಲ್ಲ.

ತಡೆಯೇ ಬೇಡವೆನ್ನುವವನಲ್ಲ ನಾನು. ಮಕ್ಕಳ ಕಣ್ಣಿಗೆ ಬೀಳಬಾರದ್ದು ಇಂಟರ್‌ನೆಟ್ಟಿನಲ್ಲಿ ರಾಶಿ ಇದೆ, ನನಗೂ ಮೊಮ್ಮಕ್ಕಳಿದ್ದಾರೆ. ನಮ್ಮ ಅಜ್ಜಿ ಜೋಳದ ಹಿಟ್ಟನ್ನು ಸಾಣಿಗೆ ಹಿಡಿಯುವಾಗ ಮೇಲೆ ಉಳಿದದ್ದನ್ನು ಹಾಗೇ ಚೆಲ್ಲುತ್ತಿರಲಿಲ್ಲ. ಬೆರಳಾಡಿಸಿ, ಗಂಟು ಒಡೆದು, ಹಿಟ್ಟು ಉಳಿದಿದೆಯೇ ಎಂದು ನೋಡಿ ಆಮೇಲೆ ಚೆಲ್ಲುತ್ತಿದ್ದಳು. ಈ ಯಂತ್ರಕ್ಕೆ ಬೆರಳಿಲ್ಲ. ಬೆರಳು ನೀವೇ ಆಗಬೇಕು. ಕೆಂಪು ಪರದೆ ಬಂದ ಮಗುವಿನ ಪಕ್ಕ ಹೋಗಿ ಕೂತುಕೊಳ್ಳಿ. ಏನು ಬೇಕಾಗಿತ್ತು ಎಂದು ಕೇಳಿ, ಯಾಕೆ ಎಂದು ಆಮೇಲೆ ಕೇಳಿ. ತಪ್ಪಾಗಿ ತಡೆದದ್ದನ್ನೆಲ್ಲ ಬರೆದಿಟ್ಟು ಕಚೇರಿಗೆ ಕಳಿಸುತ್ತಲೇ ಇರಿ, ಉತ್ತರ ಬರದಿದ್ದರೂ ಕಳಿಸಿ. ಮಗುವಿನ ಹೆಸರನ್ನು ಮಾತ್ರ ಯಾವ ಕಾಗದದಲ್ಲೂ ಬರೆಯಬೇಡಿ. ಮತ್ತು ಆ ಪಾಠ ಮಾಡಿ ಮಹಾರಾಯರೇ! ನನ್ನ ಹಾಗೆ ಪರಾಗಕ್ಕೆ ನಿಲ್ಲಿಸಬೇಡಿ. ಯಂತ್ರ ಬರುವ ಎಷ್ಟೋ ವರ್ಷ ಮುಂಚಿನಿಂದ ನಾನೇ ಆ ಶಾಲೆಯ ತಡೆಯಾಗಿದ್ದೆ, ಅದೂ ಸಂಬಳ ಪಡೆದು.

ಶಾಂತಾಬಾಯಿಯ ಗುಳಿಗೆಗಳು ಮುಗಿಯುವ ಹೊತ್ತಿಗೆ ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಅವಳು ಗೇಟಿನ ಹತ್ತಿರ ನಿಂತಿದ್ದಳು. ಜೊತೆಗೆ ಅವಳ ಓಣಿಯ ಮೂವರು ಹೆಂಗಸರು, ಕೈಯಲ್ಲಿ ಗರ್ಭಚೀಲ ತೆಗೆಸಿರೆಂದು ಬರೆದ ಖಾಸಗಿ ದವಾಖಾನೆಯ ಚೀಟಿಗಳು. ಶಿವಶರಣಪ್ಪನವರು ಕಂಪ್ಯೂಟರ್ ಕೋಣೆ ತೆರೆಸಿದರು. ಪಂಚಶೀಲಾ ಏಳನೇ ನಂಬರಿನ ಮುಂದೆ ಕೂತು ಹುಡುಕಿದಳು. ಪರದೆ ಕೆಂಪಾಯಿತು. ಅವಳು ಎದ್ದು ಕಪಾಟಿನಿಂದ ಕೆಂಪು ಫೈಲು ತಂದು, ಹೊರಗಿನ ಮೆಟ್ಟಿಲ ಮೇಲೆ ಹೆಂಗಸರ ನಡುವೆ ಕೂತು, ಅದರಲ್ಲಿದ್ದ ಗರ್ಭಚೀಲದ ಹಾಳೆಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಒಬ್ಬಳು ಎರಡನೆಯ ಪುಟವನ್ನು ಮತ್ತೊಮ್ಮೆ ಓದಿಸಿಕೊಂಡಳು. ನಂತರ ನಾಲ್ವರೂ ಕಲಬುರಗಿಯ ಬಸ್ಸು ಹತ್ತಿದರು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಮೂವರಲ್ಲಿ ಒಬ್ಬಳಿಗೆ ತೆಗೆಯಲೇಬೇಕು ಎಂದು ಸರ್ಕಾರಿ ದವಾಖಾನೆಯಲ್ಲೂ ಹೇಳಿದರು, ತೆಗೆಸಿಕೊಂಡಳು. ಇನ್ನಿಬ್ಬರು ಗುಳಿಗೆ ತೆಗೆದುಕೊಂಡು ಸಂಜೆಯ ಬಸ್ಸಿಗೆ ಊರಿಗೆ ಬಂದರು.